ಕೋಗಾರ ಘಾಟಿಯ ಚುಕ್ಕೆ

ಐಸ್ ಪ್ಲಾಂಟಿಗೆ ಭಾನುವಾರ ಎಂಬುದಿಲ್ಲ. ಮೀನಿಗೆ ವಾರ ಗೊತ್ತಿಲ್ಲ, ಮೀನು ಕೊಳೆಯುವುದಕ್ಕೂ ರಜೆಯಿಲ್ಲ ಎಂದು ಪ್ಲಾಂಟಿನ ಯಜಮಾನರು ಪವಿತ್ರಾ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು, ಹೇಳಿ ತಾವೇ ನಕ್ಕಿದ್ದರು. ಹಾಗಾಗಿ ಒಂದು ಬಿಟ್ಟು ಒಂದು ಭಾನುವಾರ ಅವಳು ಹೊನ್ನಾವರ ಬಂದರಿನ ಆ ತಗಡಿನ ಕಟ್ಟಡದ ಗಾಜಿನ ಗೂಡಿನಲ್ಲಿ ಕೂತು, ಬೋಟಿನವರಿಗೆ ಐಸಿನ ಚೀಟಿ ಹರಿದು ಕೊಡುತ್ತ, ತೊಡೆಯ ಮೇಲಿಟ್ಟ ಮೊಬೈಲಿನಲ್ಲಿ ಗಂಡ ಚಲಿಸುವುದನ್ನು ನೋಡುತ್ತಿದ್ದಳು. ಗಂಡ ಎಂದರೆ ಒಂದು ನೀಲಿ ಚುಕ್ಕೆ. ಹತ್ತು ನಿಮಿಷಕ್ಕೊಮ್ಮೆ ಅದು ಇದ್ದಲ್ಲಿಂದ ಮಾಯವಾಗಿ ಇನ್ನಷ್ಟು ಮುಂದೆ ಕಾಣಿಸಿಕೊಳ್ಳುತ್ತಿತ್ತು. ಮಂಕಿ ದಾಟಿತು, ಮುರ್ಡೇಶ್ವರದ ಕಮಾನಿನ ಹತ್ತಿರ ಸ್ವಲ್ಪ ಹೊತ್ತು ನಿಂತಿತು, ಚಾ ಕುಡಿಯುತ್ತಿರಬೇಕು, ಭಟ್ಕಳ ಪೇಟೆ ಹಾದು ಸಮುದ್ರಕ್ಕೆ ಬೆನ್ನು ಹಾಕಿ ಹಾಡುವಳ್ಳಿಯ ಕಡೆ ತಿರುಗಿತು. ಅಲ್ಲಿಂದಾಚೆ ನಕಾಶೆಯ ತುಂಬ ಹಸಿರು. ಕೋಗಾರ ಘಾಟಿ. ಫೋನು ಸತ್ತುಹೋಗುವ ಜಾಗ. ಮನೆಯಲ್ಲಿ ಎದುರಿಗೇ ಕೂತು ಊಟ ಮಾಡುತ್ತಿದ್ದಾಗಲೂ ಪ್ರಕಾಶ ಎಲ್ಲಿದ್ದಾನೆಂದು ಅವಳಿಂದ ಹೇಳಲಾಗುತ್ತಿರಲಿಲ್ಲ. ಯಾರ ಫೋನೂ ತಾಗದ ಕಾಡಿನೊಳಗೆ ಹೊಕ್ಕ ಮೇಲೆ ಮಾತ್ರ ಅವನು ಇಂಥ ತಿರುವಿನಲ್ಲಿ ಇದ್ದಾನೆ ಎಂದು ಬೆರಳಿಟ್ಟು ತೋರಿಸಬಲ್ಲವಳಾಗಿದ್ದಳು. ಇದನ್ನು ಯಾರಿಗಾದರೂ ಹೇಳಿದರೆ ನಕ್ಕಾರು.

ಆ ಚುಕ್ಕೆ ಕಳಿಸುವ ಯಂತ್ರ ದುಬೈಯಿಂದ ಬಂದದ್ದು. ಸೋಪಿನಷ್ಟು ದೊಡ್ಡದು, ತಲೆಯ ಮೇಲೊಂದು ಮೊಂಡು ಕೊಂಬು, ಅದು ಆಕಾಶ ಕಾಣುವಲ್ಲಿ ಇದ್ದರೆ ಸಾಕು, ಉಪಗ್ರಹದ ಮೂಲಕ ಮಾತು ಹೋಗುತ್ತದೆ, ಬರುತ್ತದೆ. ಭಟ್ಕಳದಲ್ಲಿ ಬೈಕಿನ ಬಿಡಿಭಾಗದ ಅಂಗಡಿ ಇಟ್ಟಿರುವ ಸುಹಾಸ ಯಾರದೋ ಕೈಲಿ ತರಿಸಿಕೊಟ್ಟಿದ್ದ. ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾಗಿರುವ ಪ್ರಕಾಶನಿಗೆ ಮೂವತ್ತೆಂಟು ದಾಟಿದ ಮೇಲೆ ಒಮ್ಮೆಗೇ ಬೈಕಿನ ಹುಚ್ಚು ಹಿಡಿದು, ಸುಹಾಸನ ಜೊತೆ ಘಾಟಿ ಸುತ್ತತೊಡಗಿದ ಹೊಸತು. ಒಂದು ಸಂಜೆ ಊಟದ ಮೇಜಿನ ಮೇಲೆ ಅದನ್ನಿಟ್ಟು ಗಂಡ ಅವಳಿಗೆ ಪಾಠ ಮಾಡಿದ್ದ. ಮೂರು ಮಾತು ಮೊದಲೇ ತುಂಬಿಸಿದ್ದು, ಒಂದು ಗುಂಡಿ ಒತ್ತಿದರೆ ಹೋಗುತ್ತವೆ: ಹೊರಟೆ, ಆರಾಮ ಇದ್ದೆ, ತೊಂದರೆ ಆಗಿದೆ ಬಾ. ಬೇರೆ ಏನಾದರೂ ಬರೆಯಬೇಕೆಂದರೆ ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಬೇಕು, ಅದೂ ಇಂಗ್ಲಿಷ್ ಅಕ್ಷರದ ಕನ್ನಡ. ಬದಿಯಲ್ಲಿ ಮುಚ್ಚಳದಡಿ ಕೆಂಪು ಗುಂಡಿ ಒಂದಿತ್ತು. ಅದನ್ನು ಒತ್ತಿದರೆ ಹೊರದೇಶದ ಯಾವುದೋ ಆಫೀಸಿಗೆ ಸುದ್ದಿ ಹೋಗಿ, ಅಲ್ಲಿಂದ ದಿಲ್ಲಿಗೆ, ದಿಲ್ಲಿಯಿಂದ ಇಲ್ಲಿಗೆ ಬಂದು ಹುಡುಕುತ್ತಾರಂತೆ. ಅದನ್ನು ಪ್ರಕಾಶ ಟೇಪು ಸುತ್ತಿ ಮುಚ್ಚಿಬಿಟ್ಟಿದ್ದ. ಪರವಾನಗಿ ಇಲ್ಲದೆ ಇಂಥದ್ದು ಇಟ್ಟುಕೊಳ್ಳುವ ಹಾಗಿಲ್ಲ, ಅದರಲ್ಲೂ ಕರಾವಳಿಯಲ್ಲಿ ಸಿಕ್ಕಿಬಿದ್ದರೆ ಹಡಗಿನ ಕಳ್ಳರೋ ದೇಶದ್ರೋಹಿಗಳೋ ಎಂದು ಕೇಳುತ್ತಾರೆ, ಸರ್ಕಾರಿ ಕೆಲಸದವನಿಗೆ ಠಾಣೆಯ ಮೆಟ್ಟಿಲು ಬೇಡ ಎಂದಿದ್ದ. ಆದ್ದರಿಂದ ತೊಂದರೆಯಾದರೂ ಸುದ್ದಿ ಬರುವುದು ಜಗತ್ತಿನಲ್ಲಿ ಒಂದೇ ಒಂದು ಫೋನಿಗೆ, ಅವಳ ಫೋನಿಗೆ. ಬಿದ್ದರೂ ಊರಿಗೆ ಕೇಳದ ಹಾಗೆ ಬೀಳಬೇಕು ಎಂಬ ಈ ಏರ್ಪಾಡು ಅವಳಿಗೆ ವಿಚಿತ್ರವೆನಿಸಲಿಲ್ಲ. ಗಂಡನ ಮನೆಯ ಕಡೆ ಎಲ್ಲವೂ ಹಾಗೆಯೇ. ಕೂಸು ಒಂದು ದಿನ ಇದ್ದು ಹೋದಾಗಲೂ ಊರಿಗೆ ಕೇಳದ ಹಾಗೆ ಅತ್ತು ಮುಗಿಸು ಎಂದೇ ಅತ್ತೆ ಹೇಳಿದ್ದರು.

ಮೊದಮೊದಲು ಬರುತ್ತಿದ್ದದ್ದು ಆ ಎರಡೇ ಮಾತು. ಹೊರಟೆ. ಆರಾಮ ಇದ್ದೆ. ಅವಳೂ ಆತು ಎಂದು ಬರೆದು ಚೀಟಿ ಹರಿಯುವ ಕೆಲಸಕ್ಕೆ ತೊಡಗುತ್ತಿದ್ದಳು. ದಸರೆ ಕಳೆದ ಮೇಲೆ ಒಂದು ಭಾನುವಾರ, ಮಧ್ಯಾಹ್ನ ಬೋಟೂ ಇಲ್ಲ ಗಿರಾಕಿಯೂ ಇಲ್ಲ, ಅಮೋನಿಯಾದ ವಾಸನೆಗೆ ಕಣ್ಣು ಉರಿಯುತ್ತಿದ್ದಾಗ, ಏನೋ ಬೇಸರ ಬಂದು, ನನಗೆ ಇಲ್ಲಿ ಸಾಕಾಗಿದೆ ಎಂದು ಬರೆದು ಕಳಿಸಿಬಿಟ್ಟಳು. ಕಳಿಸಿದ ಮೇಲೆ ನಾಚಿಕೆಯಾಯಿತು. ಹೆಲ್ಮೆಟ್ಟು ತೆಗೆದು ಆ ಸಣ್ಣ ಪರದೆಯನ್ನು ನೋಡಿ ಅವನು ಹುಬ್ಬು ಗಂಟಿಕ್ಕುವುದು ಕಣ್ಣಿಗೆ ಕಟ್ಟಿತು. ಬಹಳ ಹೊತ್ತಿನ ಮೇಲೆ ಉತ್ತರ ಬಂತು: ಯಾಕೆ, ಎಂತ ಆತು? ಅಷ್ಟೇ. ಆ ನಾಲ್ಕಾರು ಅಕ್ಷರ ಒತ್ತಲು ಕಾಡಿನ ನಡುವೆ ಬೈಕು ನಿಲ್ಲಿಸಿ, ಕೈಗವಸು ಕಳಚಿ, ಹುಡುಕಿ ಹುಡುಕಿ ಒತ್ತಿದ್ದಾನೆ ಎಂದು ನೆನೆದು ಅವಳ ಕಣ್ಣು ತುಂಬಿತು, ಈ ಬಾರಿ ಅಮೋನಿಯಾ ಅಲ್ಲ. ಮನೆಯಲ್ಲಿ ಹನ್ನೊಂದು ವರ್ಷದಲ್ಲಿ ಅವನು ಎಂತ ಆತು ಎಂದು ಕೇಳಿದ್ದು ಮೋಟರ್ ಪಂಪು ಕೆಟ್ಟಾಗ ಮಾತ್ರ. ಆಮೇಲೆ ಅವಳು ಬರೆಯತೊಡಗಿದಳು. ಕುಮಟೆಯ ತವರಲ್ಲಿ ಅಣ್ಣನ ಹೆಂಡತಿ ಎಲ್ಲರ ಹಣೆಗೂ ಕುಂಕುಮ ಇಟ್ಟು ತನ್ನನ್ನು ದಾಟಿ ಹೋದದ್ದು. ಗದ್ದೆ ನೆಟ್ಟಿ ಮಾಡುವಾಗ ಅಮ್ಮ ಹೇಳುತ್ತಿದ್ದ ಹಾಡಿನ ಸಾಲು ಮರೆತು, ಮರೆತ ಜಾಗದಲ್ಲೇ ದಿನಾ ಬೆಳಿಗ್ಗೆ ನಾಲಿಗೆ ಮುಗ್ಗರಿಸುವುದು. ಕೊನೆಗೆ ಕೂಸಿನದು. ಇದ್ದಿದ್ದರೆ ಈ ಜೂನಿಗೆ ಶಾಲೆಗೆ ಹೋಗುತ್ತಿತ್ತು, ಹೆಸರಿಲ್ಲದ್ದನ್ನು ನೆನೆಸಿಕೊಳ್ಳುವುದು ಹೇಗೆಂದು ಗೊತ್ತಾಗುವುದಿಲ್ಲ, ಏನಂತ ಕರೆದು ಅಳಬೇಕು ಎಂದು ಬರೆದಳು. ಚುಕ್ಕೆ ಆ ದಿನ ಘಾಟಿಯ ನೆತ್ತಿಯಲ್ಲಿ ತುಂಬ ಹೊತ್ತು ನಿಂತೇ ಇತ್ತು. ಆಮೇಲೆ ಬಂತು: ಹೆಸರು ಇಡುವಾ. ಗಂಗೆ ಅಂತ ಇಡುವಾ? ಅವಳು ಗಾಜಿನ ಗೂಡಿನಲ್ಲಿ ಕೂತು, ಹೊರಗೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಅಬ್ಬರಿಸುತ್ತಿದ್ದರಿಂದ ಯಾರಿಗೂ ಕೇಳುವುದಿಲ್ಲವೆಂಬ ಧೈರ್ಯದಲ್ಲಿ, ಗಂಗೆ ಎಂದು ಬಾಯಿಬಿಟ್ಟು ಕರೆದಳು.

ಮನೆಯಲ್ಲಿ ಮಾತ್ರ ಇದರ ಸೊಲ್ಲೆತ್ತಬಾರದು ಎಂದು ಅವಳೇ ಒಂದು ಕಟ್ಟು ಮಾಡಿಕೊಂಡಿದ್ದಳು. ಯಾರೂ ಹೇಳಿದ್ದಲ್ಲ. ಸಂಜೆ ಅವನು ಬಂದು ಬೂಟು ಕಳಚಿ, ಚಾ ಎಂದು ಒಂದು ಮಾತು ಆಡಿ ಟೀವಿಯ ಮುಂದೆ ಕೂತಾಗ, ಇವನೇ ಅವನು ಎಂದು ಕದ್ದು ನೋಡುತ್ತಿದ್ದಳು. ಆಕಾಶಕ್ಕೆ ಹೇಳಿದ್ದನ್ನು ಅಡುಗೆಮನೆಗೆ ತಂದರೆ ಅದು ಹಾಳಾಗುತ್ತದೆ, ಅವನಿಗೂ ಹಾಗೆಯೇ ಅನಿಸುತ್ತಿರಬೇಕು, ಗಂಡಸರಿಗೆ ಮುಖ ನೋಡಿ ಮಾತಾಡಲು ಬರುವುದಿಲ್ಲ ಎಂದೆಲ್ಲ ತಾನೇ ವಕೀಲಿಕೆ ಮಾಡುತ್ತಿದ್ದಳು. ಒಮ್ಮೆ ಘಾಟಿಯಿಂದ, ಅಮ್ಮ ಮಾಡುತ್ತಿದ್ದ ತಾರ್ಲೆ ಮೀನಿನ ಹುಳಿ ನೆನಪಾಯಿತು ಎಂದು ಬಂದಿತ್ತು. ಮರುದಿನವೇ ಮಾಡಿ ಬಡಿಸಿದಳು. ಅವನು ಮುಳ್ಳು ಬಿಡಿಸುತ್ತ ತಲೆಯೆತ್ತದೆ ಉಂಡು, ಉಪ್ಪು ಒಂದು ಚೂರು ಜಾಸ್ತಿ ಎಂದು ಎದ್ದುಹೋದ. ಆಗ ಕೂಡ ಅವಳಿಗೆ ಅವನ ಸಂಕೋಚವೇ ಕಂಡಿತು. ಪಕ್ಕದ ಮನೆಯವರು ಗಂಗೆ ಎಂದು ಮಗಳನ್ನು ಕೂಗಿದರೂ ಇವನ ಮುಖದ ಒಂದು ಕೂದಲೂ ಅಲ್ಲಾಡುವುದಿಲ್ಲವಲ್ಲ, ಎಷ್ಟು ಗಟ್ಟಿ ಮನುಷ್ಯ ಎಂದುಕೊಂಡಳು. ಈ ಭಾನುವಾರ ಬೆಳಿಗ್ಗೆ ಅವನು ಅವಲಕ್ಕಿಯ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟುಹೋಗಿದ್ದ. ಮರೆತದ್ದಲ್ಲ, ಬೇಡವೆಂದು ಆಚೆ ಸರಿಸಿದ್ದು, ಅವಳೇ ಕಂಡಿದ್ದಳು. ಪ್ಲಾಂಟಿಗೆ ಬಂದು, ಚುಕ್ಕೆ ಭಟ್ಕಳ ದಾಟಿದ ಮೇಲೆ, ಡಬ್ಬಿ ಬಿಟ್ಟು ಹೋದ್ರಿ ಎಂದು ಬರೆದಳು. ತಪ್ಪಾಯ್ತು, ಹಸಿವಾದಾಗ ಬೈದುಕೊಳ್ತೆ ಎಂದು ಉತ್ತರ ಬಂದಿತ್ತು. ಅವಳಿಗೆ ನಗು ಬಂತು, ಬೆಳಗಿನ ಸಿಟ್ಟು ಅಲ್ಲಿಗೇ ಇಳಿಯಿತು.

ಆಮೇಲೆ ಚುಕ್ಕೆ ನಿಂತಿತು. ನಿಲ್ಲುತ್ತದೆ, ಹೊಸತಲ್ಲ. ಒಂದು ಬೋಟಿನವನು ಚೀಟಿಯಲ್ಲಿ ಒಂದು ಡಬ್ಬ ಕಡಿಮೆ ಬರೆದಿದ್ದೀರಿ ಎಂದು ತಕರಾರು ತೆಗೆದು, ಅವಳ ಎದುರೇ ಇನ್ನೊಬ್ಬನಿಗೆ ಕೊಂಕಣಿಯಲ್ಲಿ ಏನೋ ಹೇಳಿ ನಕ್ಕ. ತನಗೆ ಕೊಂಕಣಿ ತಿಳಿಯುತ್ತದೆಂದು ಅವನಿಗೆ ಹೇಗೆ ತೋರಿಸಲಿ ಎಂದು ಅವಳು ಯೋಚಿಸುತ್ತಿರುವಾಗ ತೊಡೆಯ ಮೇಲೆ ಫೋನು ನಡುಗಿತು. ತೊಂದರೆ ಆಗಿದೆ ಬಾ. ಓದಿದಳು. ಪುನಃ ಓದಿದಳು. ಬೋಟಿನವನು ಇನ್ನೂ ಮಾತಾಡುತ್ತಲೇ ಇದ್ದ. ಎಂತ ಆತು, ಎಲ್ಲಿ ಪೆಟ್ಟು ಎಂದು ಬರೆದಳು. ಉತ್ತರವಿಲ್ಲ. ಮಾತಾಡಿ ಎಂದು ಬರೆದಳು. ಇಲ್ಲ. ಗಂಡನ ಫೋನಿಗೆ ಮಾಡಿದರೆ ಸ್ವಿಚ್ ಆಫ್, ಸುಹಾಸನದು ವ್ಯಾಪ್ತಿ ಪ್ರದೇಶದ ಹೊರಗೆ. ಇಬ್ಬರೂ ಒಟ್ಟಿಗೇ ಬಿದ್ದರೇ? ಆಂಬುಲೆನ್ಸಿಗೆ ಫೋನು ಮಾಡಲು ನಂಬರು ಒತ್ತಿ, ಹೋಗುವ ಮೊದಲೇ ಕಡಿದಳು. ಟವರಿಲ್ಲದ ಕಾಡಿನಲ್ಲಿ ಬಿದ್ದದ್ದು ನಿಮಗೆ ಯಾರು ಹೇಳಿದರು ಎಂದು ಕೇಳಿದರೆ? ಯಂತ್ರ ಹೊರಗೆ ಬರುತ್ತದೆ, ಯಂತ್ರದ ಹಿಂದೆ ಅವನ ಕೆಲಸ ಹೋಗುತ್ತದೆ, ಜೀವ ಉಳಿಸಿ ಅನ್ನ ಕಳೆದವಳು ಎಂದು ಆಮೇಲೆ ಜನ್ಮವಿಡೀ ಕೇಳಬೇಕು. ಇದೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಓಡಿತು, ಓಡಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಂವ ಅಲ್ಲಿ ಬಿದ್ದಿದ್ದಾನೆ, ನಾನು ಇಲ್ಲಿ ಕೂತು ಸಂಬಳದ ಲೆಕ್ಕ ಮಾಡುತ್ತಿದ್ದೇನೆ.

ಭಟ್ಕಳ ಬಂದರಿಗೆ ಐಸು ತುಂಬಿಸಿ ನಿಂತಿದ್ದ ಪಿಕಪ್ಪಿನ ಚಾಲಕ ಪಾಂಡು ಚಾ ಕುಡಿಯುತ್ತಿದ್ದ. ಇವರು ಬಿದ್ದಿದ್ದಾರೆ, ಕೋಗಾರ ಘಾಟಿಯಲ್ಲಿ, ಯಾರೋ ಫೋನು ಮಾಡಿ ಹೇಳಿದರು ಎಂದಳು. ಅವನು ಲೋಟ ಕೆಳಗಿಟ್ಟ. ಐಸು ಕರಗಿದರೆ ಯಜಮಾನರು ಬೈಯುತ್ತಾರೆ ಎಂದು ಅವಳೇ ಹೇಳಿದಾಗ, ಬೈಯಲಿ ಅಕ್ಕ, ನೀರೇ ಅಲ್ವಾ ಎಂದು ಬಾಗಿಲು ತೆಗೆದ. ಪಾಂಡು ಬಾಯಿ ಸುಮ್ಮನಿಡುವ ಮನುಷ್ಯನಲ್ಲ. ದಾರಿಯುದ್ದಕ್ಕೂ ಘಾಟಿಯಲ್ಲಿ ಬಿದ್ದು ಬದುಕಿದವರ ಕಥೆಗಳನ್ನೇ ಆರಿಸಿ ಆರಿಸಿ ಹೇಳಿದ. ಸತ್ತವರ ಕಥೆ ಬಾಯಿಗೆ ಬಂದಾಗಲೆಲ್ಲ ಅರ್ಧಕ್ಕೆ ನುಂಗಿ ಹಾರ್ನು ಒತ್ತುತ್ತಿದ್ದ. ಅವಳು ಬರೆಯುತ್ತಲೇ ಇದ್ದಳು. ಬಂದೆ. ಮಂಕಿ ದಾಟಿದೆ. ಹೆದರಬೇಡಿ. ಕಣ್ಣು ಮುಚ್ಚಬೇಡಿ, ನಿದ್ದೆ ಮಾಡಬೇಡಿ. ಮುರ್ಡೇಶ್ವರದ ಕಮಾನು ಬಂದಾಗ ಕೈ ಮುಗಿದು, ಇವರನ್ನು ಉಳಿಸಿಕೊಡು, ಇವರನ್ನು ಎಬ್ಬಿಸಿ ಕರೆದುಕೊಂಡೇ ನಿನ್ನ ಬಾಗಿಲಿಗೆ ಬರುತ್ತೇನೆ ಎಂದು ಹರಕೆ ಹೊತ್ತಳು. ಭಟ್ಕಳ ದಾಟಿ ಫೋನಿನ ಗೆರೆಗಳು ಒಂದೊಂದಾಗಿ ಅಳಿಯುವ ಮೊದಲು ಕೊನೆಯದಾಗಿ ಒಂದು ಬರೆದಳು. ಹಿಂದೆ ಯಾವತ್ತೂ, ಎದುರಿಗೂ ಆಕಾಶಕ್ಕೂ, ಬರೆಯದಿದ್ದದ್ದು. ನೀವು ಇಲ್ದಿದ್ರೆ ನಂಗೆ ಮಾತಾಡೂಕೆ ಯಾರೂ ಇಲ್ಲ. ಅದು ಹೋಯಿತು ಎಂಬ ಗುರುತು ಬಂದ ಮೇಲೆಯೇ ನೆಟ್‌ವರ್ಕು ಸತ್ತದ್ದು. ಹಿಂದಿನಿಂದ ಕರಗಿದ ಐಸಿನ ನೀರು ರಸ್ತೆಯ ಮೇಲೆ ಗೆರೆ ಎಳೆಯುತ್ತ ಬರುತ್ತಿತ್ತು.

ಚುಕ್ಕೆ ನಿಂತಿದ್ದ ತಿರುವಿನಲ್ಲಿ ಮೊದಲು ಕಂಡದ್ದು ಬೈಕು. ಹಸಿರು ಟಾಂಕಿಯದು. ಪ್ರಕಾಶನದು ಕೆಂಪು. ಸುಹಾಸನೂ ಬಿದ್ದಿದ್ದಾನೆ ಎಂದು ಓಡಿದಳು. ಮೋರಿಯ ಕಟ್ಟೆಗೆ ಒರಗಿ, ಒಂದು ಕಾಲು ತನ್ನದಲ್ಲವೆಂಬಂತೆ ಪಕ್ಕಕ್ಕೆ ಚೆಲ್ಲಿ, ಒಬ್ಬ ಮನುಷ್ಯ ಕೂತಿದ್ದ. ಹೆಲ್ಮೆಟ್ಟಿನ ಗಾಜು ಎತ್ತಿದಳು. ಸುಹಾಸ. ಬಲಗೈ ಊದಿ ದಪ್ಪವಾಗಿತ್ತು, ತುಟಿ ಒಣಗಿತ್ತು, ಕಣ್ಣು ತೆರೆದಿತ್ತು. ಅವನನ್ನು ಬಿಟ್ಟು ಅವಳು ರಸ್ತೆಯಂಚಿಗೆ ಓಡಿ ಕೆಳಗಿನ ಇಳಿಜಾರಿಗೆ ಬಾಗಿ ಕೂಗತೊಡಗಿದಳು. ಗಂಡನ ಹೆಸರು ಹಿಡಿದು ಅವಳು ಈ ಜನ್ಮದಲ್ಲಿ ಕೂಗಿದವಳಲ್ಲ. ಈಗ ಪ್ರಕಾಶ, ಪ್ರಕಾಶ ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಪಾಂಡು ಲುಂಗಿ ಎತ್ತಿ ಕಟ್ಟಿ, ಬೇರು ಹಿಡಿದು ಕೆಳಗಿಳಿದೇಬಿಟ್ಟ. ಹಿಂದಿನಿಂದ ಸುಹಾಸ ಏನೋ ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳಲಿಲ್ಲ. ನೋವಿಗೆ ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡಳು. ಪಾಂಡು ಕೆಳಗಿನ ಪೊದೆಯೊಳಗಿಂದ, ಇಲ್ಲಿ ಯಾರೂ ಬಿದ್ದ ಗುರುತಿಲ್ಲ ಅಕ್ಕ ಎಂದು ಕೂಗಿದ. ಆಗ ಸುಹಾಸ ಇದ್ದಷ್ಟು ಉಸಿರು ಒಟ್ಟುಮಾಡಿ ಹೇಳಿದ.

"ಅತ್ತಿಗೆ, ಪ್ರಕಾಶಣ್ಣ ಬರ್ಲಿಲ್ಲ. ಅವ್ರು ಮುರ್ಡೇಶ್ವರದಲ್ಲೇ ಉಳಿದ್ರು."

ಮೊದಲು ಬಂದದ್ದು ಸಮಾಧಾನ, ಅದನ್ನು ಅವಳು ಆಮೇಲೂ ಅಲ್ಲಗಳೆಯಲಿಲ್ಲ: ಬದುಕಿದ್ದಾನೆ. ಅದರ ಬೆನ್ನಿಗೇ, ಕಾಲ ಕೆಳಗಿನ ಮರಳನ್ನು ಅಲೆ ಎಳೆದುಕೊಂಡ ಹಾಗೆ, ನಿಂತಲ್ಲೇ ಒಂದು ಕುಸಿತ. ಪಾಂಡು ಮೈತುಂಬ ಮುಳ್ಳು ಗೀರಿಸಿಕೊಂಡು ಮೇಲೆ ಹತ್ತಿ ಬಂದವನು ಅವಳ ಮುಖ ನೋಡಿದ, ಸುಹಾಸನ ಮುಖ ನೋಡಿದ, ಆಮೇಲೆ ಬೇರೆ ಕಡೆ ನೋಡುತ್ತ ಲುಂಗಿಗೆ ಅಂಟಿದ ಕಾಯಿ ಕೀಳತೊಡಗಿದ. ದಾರಿಯುದ್ದ ಮಾತಾಡಿದ ಮನುಷ್ಯ ಈಗ ಬಾಯಿಗೆ ಬೀಗ ಹಾಕಿಕೊಂಡದ್ದು ಅವಳಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು. ನಾಳೆ ಪ್ಲಾಂಟಿನಲ್ಲಿ ಇವನು ಹೇಳಲಿಕ್ಕಿಲ್ಲ. ಹೇಳದೆ ಪ್ರತಿ ದಿನ ಕರುಣೆಯಿಂದ ನೋಡುತ್ತಾನೆ. ಇಬ್ಬರೂ ಸೇರಿ ಸುಹಾಸನನ್ನು ಎತ್ತಿ ಪಿಕಪ್ಪಿನ ಹಿಂದೆ, ಐಸಿನ ಡಬ್ಬಗಳನ್ನು ಸರಿಸಿ, ಗೋಣಿ ಹಾಸಿ ಮಲಗಿಸಿದರು. ಯಂತ್ರ ಅವನ ಎದೆಯ ಪಟ್ಟಿಗೆ ಸಿಕ್ಕಿಸಿತ್ತು, ಎಡಗೈಯಿಂದ ಆ ಒಂದು ಗುಂಡಿ ಒತ್ತಲು ಮಾತ್ರ ಅವನಿಗೆ ಸಾಧ್ಯವಾಗಿತ್ತು. ಅವಳು ಅದನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು ಹಿಂದೆಯೇ ಕೂತಳು. ಮುಂದೆ ಪಾಂಡುವಿನ ಪಕ್ಕ ಕೂರುವುದು ಅವಳಿಂದಾಗುತ್ತಿರಲಿಲ್ಲ.

ಬಿಡಿಬಿಡಿಯಾಗಿ, ರಸ್ತೆಯ ಪ್ರತಿ ಹೊಂಡಕ್ಕೂ ಹಲ್ಲು ಕಚ್ಚುತ್ತ ಸುಹಾಸ ಹೇಳಿದ. ಹೋದ ಮಳೆಗಾಲದ ಕೊನೆಯಲ್ಲಿ ಇದೇ ಘಾಟಿಯಲ್ಲಿ ಪ್ರಕಾಶನ ಬೈಕು ಜಾರಿತ್ತಂತೆ, ಏನೂ ಆಗಿರಲಿಲ್ಲ, ಆದರೆ ಅವತ್ತು ಹೆದರಿದವನು ಮತ್ತೆ ಘಾಟಿ ಹತ್ತಲಿಲ್ಲ. ಹೆದರಿದೆ ಎಂದು ಹೇಳಲು ಮಾನ ಅಡ್ಡ ಬಂತು. ಅಷ್ಟಲ್ಲದೆ ಭಾನುವಾರ, ಅವಳು ಇರಲಿ ಇಲ್ಲದಿರಲಿ, ಆ ಮನೆಯಲ್ಲಿ ಇರುವುದೂ ಅವನಿಗೆ ಬೇಕಿರಲಿಲ್ಲ. ಮುರ್ಡೇಶ್ವರದಲ್ಲಿ ಗುರುತಿನವರ ವಸತಿಗೃಹದಲ್ಲಿ ಒಂದು ಕೋಣೆ. ಕಮಾನಿನ ಹತ್ತಿರ ಯಂತ್ರ ಸುಹಾಸನ ಕೈಗೆ ಕೊಟ್ಟು, ಹೇಗೂ ನೀ ಹೋಗ್ತೆ, ಇದೂ ನಿನ್ನ ಜೊತೆ ಇರಲಿ, ನಡುನಡುವೆ ಆರಾಮ ಇದ್ದೆ ಒತ್ತು ಎಂದು ಹೇಳಿ, ಫೋನು ಆರಿಸಿ ಮಲಗುತ್ತಿದ್ದನಂತೆ. ಸಂಜೆ ಯಂತ್ರ ವಾಪಸು ತೆಗೆದುಕೊಂಡು ಮನೆಗೆ ಬರುವುದು. ಬೇರೆ ಯಾರಾದರೂ ಇದ್ದರೇ ಕೋಣೆಯಲ್ಲಿ ಎಂದು ಅವಳು ಕೇಳಿದಳು, ಸ್ವರ ತನಗೇ ಒಪ್ಪಿಗೆಯಾಗುವಷ್ಟು ಸಮವಾಗಿತ್ತು. ಯಾರೂ ಇಲ್ಲ, ದೇವರಾಣೆ, ಒಬ್ಬರೇ ಮಲಗುವುದು ಎಂದ ಸುಹಾಸ, ಅವಳಿಗೆ ಹಿತವಾಗಲಿ ಎಂದು. ಹೆಣ್ಣೊಬ್ಬಳು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳ ಜಡೆ ಹಿಡಿಯಬಹುದಿತ್ತು, ಬೈಯಬಹುದಿತ್ತು, ಅವಳಿಗಿಂತ ತಾನು ಎಲ್ಲಿ ಕಡಿಮೆ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಬಹುದಿತ್ತು. ಯಾರೂ ಇಲ್ಲದ ಕೋಣೆಯ ಜೊತೆ ಹೇಗೆ ಜಗಳ ಮಾಡುವುದು? ಹೆಂಡತಿಯ ನೆರಳೂ ಇಲ್ಲದಿರುವುದೇ ಒಂದು ಸುಖ ಎಂದು ಆ ಮನುಷ್ಯ ಬಾಡಿಗೆಗೆ ಕೋಣೆ ಹಿಡಿದಿದ್ದ. ಅವಳು ಕೈಮುಗಿದು ಹರಕೆ ಹೊತ್ತ ಹೊತ್ತಿಗೆ ಅವನು ಆ ಕಮಾನಿನ ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಫ್ಯಾನಿನ ಕೆಳಗೆ ಮಗ್ಗುಲು ಬದಲಿಸುತ್ತಿದ್ದನು.

ಆಮೇಲೆ ಅವಳಿಗೆ ಉಳಿದದ್ದು ನೆನಪಾಯಿತು. ಎಂಥ ಮೂರ್ಖಳು, ಗಂಡನದ್ದೇ ಯೋಚಿಸುತ್ತ ಕೂತಿದ್ದಳು. ಹೋದ ಮಳೆಗಾಲದ ಕೊನೆ. ದಸರೆ ಕಳೆದ ಮೇಲೆ. ಯಾಕೆ, ಎಂತ ಆತು ಎಂದು ಕೇಳಿದ್ದು ಯಾರು? ತಾರ್ಲೆಯ ಹುಳಿ ಯಾರ ಅಮ್ಮನದು? ಒಂದೊಂದೇ ಭಾನುವಾರ ಅವಳೆದುರು ಬಂದು ನಿಂತು ಮುಖ ಬದಲಿಸಿತು. ಗೋಣಿಯ ಮೇಲೆ ಮಲಗಿದ ಈ ಮನುಷ್ಯ, ಮನೆಗೆ ಬಂದಾಗ ಚಾ ಕೊಟ್ಟರೆ ಲೋಟ ನೋಡುತ್ತ ಮಾತಾಡುವ, ಮದುವೆಯಾಗದೆ ಅಂಗಡಿ ಮೇಲಿನ ಕೋಣೆಯಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುವ ಈ ಸುಹಾಸ, ಅವಳ ಅಣ್ಣನ ಹೆಂಡತಿಯ ಕುಂಕುಮವನ್ನು ಬಲ್ಲ, ಅವಳು ಮರೆತ ಹಾಡನ್ನು ಬಲ್ಲ. ಮೈಮೇಲಿನ ಸೀರೆ ಯಾರೋ ಸರಕ್ಕನೆ ಎಳೆದಂತಾಗಿ ಅವಳು ಸೆರಗು ಬಿಗಿಯಾಗಿ ಹೊದ್ದಳು. ಐಸಿನ ನೀರು ಅವಳ ಪಾದದ ಕೆಳಗೆ ಹರಿಯುತ್ತಿತ್ತು, ಚಳಿಗೆ ಬೆರಳು ಮರಗಟ್ಟಿತ್ತು. ಇಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದವಳು ಈಗ ಅದನ್ನು ಬಿಟ್ಟಳು.

"ಕೂಸಿಗೆ ಹೆಸರಿಟ್ಟದ್ದು ನೀನಾ?"

ಅವನು ಕಣ್ಣು ಮುಚ್ಚಿದ. ಹೌದೆಂದು ತಲೆಯಾಡಿಸಿದ. ಅದು ತನ್ನ ತಾಯಿಯ ಹೆಸರು, ಬೇರೆ ಹೆಸರು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ ಎಂದ. ಬರೀ ಗುಂಡಿ ಒತ್ತು ಎಂದೇ ಪ್ರಕಾಶಣ್ಣ ಹೇಳಿದ್ದರು, ಎಲ್ಲ ಅಳಿಸಿ ಕೊಡುತ್ತಿದ್ದೆ, ಅವರು ಒಂದು ದಿನವೂ ಏನು ಬಂದಿತ್ತು ಎಂದು ಕೇಳಲಿಲ್ಲ. ನೀವು ಕೇಳಿದಿರಿ, ಆ ಕಾಡಿನಲ್ಲಿ ನಿಂತು ಉತ್ತರ ಕೊಡದೆ ಇರಲು ನನಗೆ ಆಗಲಿಲ್ಲ, ಮುಂದಿನ ಸಲ ನಿಜ ಹೇಳುವಾ ಎಂದು ಪ್ರತಿ ಸಲವೂ ಎಣಿಸುತ್ತಿದ್ದೆ, ಹೇಳಿದರೆ ನೀವು ಬರೆಯುವುದು ನಿಲ್ಲಿಸುತ್ತೀರಿ ಎಂದು ಹೇಳಲಿಲ್ಲ. ಇಷ್ಟು ಹೇಳಿ ಅವನು ಅತ್ತ. ನೋವಿಗೋ, ಇದಕ್ಕೋ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದು ಆಮೇಲೆ ಅಳುತ್ತದೆ ಎಂದು ಅವಳಿಗೆ ರೇಗಿತು. ಅವನ ಮುರಿದ ಕಾಲನ್ನು ಒದೆಯಬೇಕು ಎಂದು ನಿಜಕ್ಕೂ ಅನಿಸಿತು, ಆ ಅನಿಸಿಕೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಆ ಹೆಸರು ವಾಪಸು ತಗೋ ಎಂದು ಹೇಳಲು ಬಾಯಿ ತೆರೆದಳು. ಹೇಳಲಾಗಲಿಲ್ಲ. ಹೆಸರು ಹಿಡಿದು ಅವಳು ಆಗಲೇ ಎಷ್ಟೋ ಸಲ ಅತ್ತಾಗಿತ್ತು, ಆ ಅಳುವನ್ನು ಈಗ ಯಾರಿಗೆ ವಾಪಸು ಕೊಡುವುದು? ಪಿಕಪ್ಪು ಹೊರಳಿದಾಗ ಸುಹಾಸ ಚೀರಿದ. ಅವಳು ಅವನ ತಲೆ ಡಬ್ಬಕ್ಕೆ ಬಡಿಯದಂತೆ ಕೈ ಅಡ್ಡ ಹಿಡಿದಳು, ಅವನ ಮುಖ ನೋಡದೆ.

ಭಟ್ಕಳದ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ತೆಗೆದುಕೊಂಡರು. ಕಾಲಿಗೆ ರಾಡು ಹಾಕಬೇಕು, ಜೀವಕ್ಕೆ ಏನೂ ಇಲ್ಲ ಎಂದರು. ನೀವು ಏನಾಗಬೇಕು ಎಂದು ನರ್ಸು ಅವಳನ್ನು ಕೇಳಿದಳು. ಪಾಂಡುವೇ ಮುಂದೆ ಬಂದು, ಗುರುತಿನವರು, ರಸ್ತೆಯಲ್ಲಿ ಸಿಕ್ಕಿದರು ಎಂದ. ಆಮೇಲೆ ಅರ್ಧ ಕರಗಿದ ಐಸು ಮುಟ್ಟಿಸಿ ಬರುತ್ತೇನೆ ಎಂದು ಹೊರಟುಹೋದ. ಅವಳು ಬೆಂಚಿನ ಮೇಲೆ ಕೂತಳು. ಎದುರಿನ ಗೋಡೆಯಲ್ಲಿ ಕೂಸಿಗೆ ಹಾಕಿಸಬೇಕಾದ ಚುಚ್ಚುಮದ್ದಿನ ಚಿತ್ರ. ಪಕ್ಕದಲ್ಲಿ ಕೂತ ಮುದುಕಿ ನವಾಯತಿ ಭಾಷೆಯಲ್ಲಿ ಏನೋ ಕೇಳಿದಳು, ಪೂರ್ತಿ ತಿಳಿಯದಿದ್ದರೂ ಹೌದೆಂದು ತಲೆಯಾಡಿಸಿದಳು. ಮಧ್ಯಾಹ್ನದ ನಿದ್ದೆ ಮುಗಿಸಿ ಫೋನು ಹಚ್ಚಿದ ಪ್ರಕಾಶ ಅವಳ ಕರೆಗಳನ್ನೆಲ್ಲ ಕಂಡು ಫೋನು ಮಾಡಿದಾಗ, ಆಸ್ಪತ್ರೆಯ ಹೆಸರು ಹೇಳಿ ಇಟ್ಟುಬಿಟ್ಟಳು. ಅವನು ಬರುವ ತನಕ, ಬಂದವನು ಮೊದಲು ಏನು ಹೇಳಬಹುದು ಎಂದು ಯೋಚಿಸಿದಳು. ತಪ್ಪಾಯ್ತು ಎನ್ನಲಿ ಎಂದು ಅವಳಿಗೆ ಆಸೆಯಿರಲಿಲ್ಲ. ನೀ ಹೆದರಿದ್ಯಾ ಎಂದು ಕೇಳಿದರೆ ಸಾಕು, ಅಷ್ಟು ಕೇಳಿದರೂ ಏನಾದರೂ ಒಂದು ದಾರಿ ಹುಡುಕಬಹುದು ಎಂದು, ನಾಚಿಕೆಗೆಟ್ಟ ಮನಸ್ಸು ಆಗಲೂ ಲೆಕ್ಕ ಹಾಕುತ್ತಿತ್ತು.

ಅವನು ಬಂದ. ಕೂದಲು ಒದ್ದೆಮಾಡಿ ಬಾಚಿದ್ದ, ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು. ಅತ್ತ ಇತ್ತ ನೋಡಿ, ಪಕ್ಕದಲ್ಲಿ ಕೂತು, ಯಂತ್ರ ಎಲ್ಲಿ ಎಂದು ಪಿಸುಗುಟ್ಟಿದ. ಡಾಕ್ಟರು ನೋಡಿದರೇ, ಪೊಲೀಸರು ಬಂದಿದ್ದರೇ, ಪಾಂಡುವಿಗೆ ಗೊತ್ತೇ. ಅವಳು ಚೀಲದಿಂದ ತೆಗೆದು ಕೊಟ್ಟಳು. ಅವನ ಭುಜ ಇಳಿಯಿತು, ದೇವರು ದೊಡ್ಡವನು ಎಂದ. ಸುಹಾಸ ಹೇಗಿದ್ದಾನೆ ಎಂದು ಆಮೇಲೆ ಕೇಳಿದ. ಅವಳನ್ನು ಏನೂ ಕೇಳಲಿಲ್ಲ. ನಂಗೆ ಒಂದು ದಿನ ಸುಮ್ಮನೆ ಇರಬೇಕಿತ್ತು, ಅದರಲ್ಲಿ ಅಷ್ಟು ದೊಡ್ಡದು ಎಂತ ಅದೆ, ಯಾರ ಸುದ್ದಿಗೂ ಹೋದವನಲ್ಲ ಎಂದು ಅಂಗೈಯಲ್ಲಿ ಯಂತ್ರವನ್ನು ತಿರುಗಿಸುತ್ತ ಗೊಣಗಿದ. ಅಳಿಸಿಬಿಡಬೇಕು ಎಂದು ಪರದೆ ಹಚ್ಚಿದ. ಇವತ್ತು ಅಳಿಸಿ ಕೊಡಲು ಸುಹಾಸನಿಗೆ ಕೈ ಇರಲಿಲ್ಲ. ಪ್ರಕಾಶನ ಹೆಬ್ಬೆರಳು ಒತ್ತುತ್ತ ಒತ್ತುತ್ತ ಒಂದು ಕಡೆ ನಿಂತಿತು. ಅವನು ಓದುವುದನ್ನು ಅವಳು ನೋಡಿದಳು. ಹಸಿವಾದಾಗ ಬೈದುಕೊಳ್ತೆ. ಬಂದೆ, ಹೆದರಬೇಡಿ. ನೀವು ಇಲ್ದಿದ್ರೆ ನಂಗೆ. ತುಟಿ ಅಲ್ಲಾಡಿಸುತ್ತ, ಶಾಲೆಯಲ್ಲಿ ಓದುವವರ ಹಾಗೆ ಅವನು ಓದಿದ. ಮೇಲೆ ಹೋಗಿ ಪುನಃ ಓದಿದ. ಅವನ ಕಿವಿ ಕೆಂಪಾಯಿತು. ಇಷ್ಟು ಹೊತ್ತು ಕಳ್ಳನ ಹಾಗೆ ಕುಗ್ಗಿದ್ದ ಬೆನ್ನು ನೆಟ್ಟಗಾಯಿತು, ಅವನಿಗೆ ಹಿಡಿಯಲು ಏನೋ ಸಿಕ್ಕಿತ್ತು.

"ಎಂತ ಇದೆಲ್ಲ? ಅಂವ್ನಿಗೆ ಇದನ್ನೆಲ್ಲ ಎಂತಕ್ಕೆ ಬರ್ದೆ ನೀನು?"

ಮುದುಕಿ ತಿರುಗಿ ನೋಡಿದಳು. ಪವಿತ್ರಾ ಗಂಡನ ಮುಖವನ್ನು, ಹನ್ನೊಂದು ವರ್ಷದಲ್ಲಿ ನೋಡದಷ್ಟು ಹತ್ತಿರದಿಂದ, ಬಹಳ ಹೊತ್ತು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ನೀವು ಅಂತ್ಲೇ ಎಣಿಸಿ ಬರ್ದದ್ದು ನಾನು. ನಿಮ್ಗೇ ಬರ್ದದ್ದು."

"ಓದಿದ್ದು ಅಂವ ಅಲ್ವಾ?"

"ಹೌದು," ಎಂದಳು ಅವಳು ಎದ್ದು ನಿಲ್ಲುತ್ತ. "ಓದಿದ್ದು ಅಂವ."